ಕೈ ಅಡ್ಡ ಇಟ್ಟರೂ ತುಪ್ಪ ಸುರಿಯಬೇಕೆ?

ಮಾನ್ಯ ಸಂಪಾದಕರೆ,

ಬಾಗಲಕೋಟೆಯ ನವನಗರದಲ್ಲಿ 26 ವರ್ಷದಿಂದ ಪ್ಯಾಂಟು ಹೊಲಿಯುತ್ತಿದ್ದೇನೆ. ಊರಿನ ಗಂಡಸರ ಹೊಟ್ಟೆಯ ಕಥೆ ನನ್ನ ಅಳತೆ ಪುಸ್ತಕದಲ್ಲಿದೆ. ಲಗ್ನಕ್ಕೆ ಮೊದಲು ಸೊಂಟ 30 ಇಂಚು ಇದ್ದವರು ನಾಲ್ಕೇ ವರ್ಷಕ್ಕೆ 36. "ಒಳಗ ಸ್ವಲ್ಪ ಬಟ್ಟಿ ಬಿಟ್ಟಿರ್ರಿ, ಮುಂದ ಬಿಚ್ಚಾಕ ಬರ್ತೈತಿ" ಎಂದು ಹೇಳದ ಗಿರಾಕಿ ಈಗ ಕಡಿಮೆ.

ಆದರೆ ಪ್ಯಾಂಟಿನ ಅಳತೆಯನ್ನೂ ನಂಬಬೇಡಿ. ಹೊಟ್ಟೆ ಬಂದವರು ಪ್ಯಾಂಟನ್ನು ಅದರ ಕೆಳಗೆ ಕಟ್ಟುತ್ತಾರೆ. ಅಲ್ಲಿ 36 ಬಂದರೆ ಖುಷಿ. ಟೇಪನ್ನು ಮೇಲೆ ಸರಿಸಿ, ಪಕ್ಕೆಲುಬಿನ ಕೊನೆಗೂ ಸೊಂಟದ ಎಲುಬಿಗೂ ನಡುವೆ ಸುತ್ತಿದರೆ 40 ದಾಟುತ್ತದೆ. ಡಾಕ್ಟರು ನೋಡುವುದು ಆ ಅಳತೆಯನ್ನೇ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು. ಹೆಂಗಸರಿಗೆ 80. ಅದು ದಾಟಿದರೆ ಶುಗರ್, ಬಿಪಿ ಭಯ ಜಾಸ್ತಿ. ನನ್ನದು 101 ಇತ್ತು. ಊರವರ ಸೊಂಟ ಅಳೆಯುವವನು ತನ್ನದನ್ನೇ ಅಳೆದಿರಲಿಲ್ಲ ನೋಡಿ!

ರೊಟ್ಟಿ ಬಿಡಲಿಲ್ಲ. ನಾಲ್ಕರ ಬದಲು ಎರಡು, ಜೊತೆಗೆ ಹೆಸರುಕಾಳಿನ ಪಲ್ಯ, ಹಸಿ ಮೂಲಂಗಿ, ಉಳ್ಳಾಗಡ್ಡಿ. ಶೇಂಗಾ ಹಿಂಡಿ ಒಂದೇ ಚಮಚ. ಎಂಟು ತಿಂಗಳಿಗೆ ಟೇಪು 94ಕ್ಕೆ ಬಂತು.

ಮನೆಯಲ್ಲಿ ಇದೆಲ್ಲ ನಡೆಯುತ್ತದೆ. ತೊಂದರೆ ಇರುವುದು ಮದುವೆ ಪಂಕ್ತಿಯಲ್ಲಿ. ಕಳೆದ ತಿಂಗಳು ಒಂದು ಲಗ್ನದಲ್ಲಿ ಹೋಳಿಗೆ ಮೇಲೆ ತುಪ್ಪ ಬೇಡ ಅಂತ ಕೈ ಅಡ್ಡ ಇಟ್ಟೆ. ಬಡಿಸುವ ಹುಡುಗ ಬೆರಳ ಸಂದಿಯಿಂದಲೇ ಸುರಿದ. "ಇಷ್ಟಕ್ಕ ಏನಾಗತೈತ್ರಿ ಕಾಕಾ!" ಒಂದು ದೊಡ್ಡ ಚಮಚ ತುಪ್ಪದಲ್ಲೇ ಹೆಚ್ಚುಕಡಿಮೆ ಒಂದು ತೆಳು ಜೋಳದ ರೊಟ್ಟಿಯಷ್ಟು ಕ್ಯಾಲೊರಿ ಇರುತ್ತದೆ. ಅವನು ಹಾಕಿದ್ದು ಸೌಟಿನಲ್ಲಿ. ಪಕ್ಕದಲ್ಲಿ ಬೀಗರು ಕೂತಿದ್ದರು. ಎಲೆಯಲ್ಲಿ ಬಿಟ್ಟರೆ ಚೆನ್ನಾಗಿರೋದಿಲ್ಲ ಅಲ್ವಾ, ಉಂಡೆ.

ಪ್ರೀತಿಯಿಂದಲೇ ಬಡಿಸುತ್ತಾರೆ, ಗೊತ್ತು. ನಮ್ಮ ಅವ್ವನೂ ಹಾಗೇ ಇದ್ದಳು. ಆದರೆ ಅವಳ ಕಾಲದಲ್ಲಿ ಹೋಳಿಗೆ ವರ್ಷಕ್ಕೆ ನಾಲ್ಕು ಸಲ, ಉಂಡವರು ಮರುದಿನ ಹೊಲಕ್ಕೆ ಹೋಗುತ್ತಿದ್ದರು. ನಾನು ದಿನವಿಡೀ ಮಷೀನ್ ಮುಂದೆ ಕೂರುವವನು. ಮದುವೆ ಮಾಡುವವರು ಬಡಿಸುವ ಹುಡುಗರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಅರ್ಧ ಹೋಳಿಗೆ ಅಂದರೆ ಅರ್ಧವೇ ಹಾಕಲಿ, ಸಾಕು ಅಂದರೆ ಮುಂದಿನ ಎಲೆಗೆ ಹೋಗಲಿ. ಈ ಸೀಜನ್‌ಗೆ ನನಗೆ ಇನ್ನೂ ಏಳು ಲಗ್ನಪತ್ರಿಕೆ ಬಂದಿವೆ.

– ಒಬ್ಬ ಟೇಲರ್, ನವನಗರ, ಬಾಗಲಕೋಟೆ