ಐದೆಕರೆ ಕಾಡಿಗೆ ನೆರೆಯವರೇ ಬೇಲಿ

ಮಾನ್ಯ ಸಂಪಾದಕರೇ,

ತೋಟ ಕೊಂಡು ಕಾಡಿಗೆ ಬಿಟ್ಟವರ, ಆನೆ ದಾರಿಗೆಂದು ಜಮೀನು ಬಿಡಿಸಿಕೊಟ್ಟ ಟ್ರಸ್ಟುಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದಲು ಹಿತವೇ. ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಬಂದ ಮೇಲೆ ಆ ಜಾಗದ ಗತಿ ಏನಾಯಿತೆಂದು ಕೇಳುವವರು ಕಡಿಮೆ. ದಕ್ಷಿಣ ಕೊಡಗಿನ ಮಟ್ಟಿಗೆ ನಮ್ಮ ಮಾತು ಇಷ್ಟೆ: ಇನ್ನೊಂದು ಹತ್ತೆಕರೆ ಖರೀದಿಸುವ ಮೊದಲು, ಈಗಾಗಲೇ ಜಾಗ ಕಾಯುತ್ತಿರುವ ಟ್ರಸ್ಟುಗಳು, ದೇವರಕಾಡು (ದೇವರ ಹೆಸರಿನಲ್ಲಿ ಊರವರು ಕಾಯುವ ಕಾಡು) ಸಮಿತಿಗಳು, ಪಕ್ಕದ ತೋಟದವರು ಕೂತು ಒಂದು ಒಪ್ಪಂದ ಬರೆದುಕೊಳ್ಳಬೇಕು.

ಮೊದಲು ಲೆಕ್ಕ ನೋಡಿ. ಕೊಡಗಿನ ದೇವರಕಾಡುಗಳು 1,214. ಒಟ್ಟು ವಿಸ್ತೀರ್ಣ ಸುಮಾರು 2,550 ಹೆಕ್ಟೇರ್. ಭಾಗಿಸಿದರೆ ಒಂದೊಂದಕ್ಕೆ ಸರಾಸರಿ ಐದೆಕರೆ ಚಿಲ್ಲರೆ. 1873ರ ಲೆಕ್ಕದಲ್ಲಿ ಇದ್ದದ್ದು 873 ದೇವರಕಾಡು, ಹತ್ತಿರ ಹತ್ತಿರ 4,400 ಹೆಕ್ಟೇರ್. ಸಂಖ್ಯೆ ಏರಿ ಕಾಡು ಇಳಿದಿದೆ ಎಂದರೆ ತುಂಡಾಗಿದೆ ಎಂದೇ ಅರ್ಥ. ಐದೆಕರೆಯ ಚೌಕಾಕಾರದ ಕಾಡಿಗೆ ಒಂದು ಬದಿ 142 ಮೀಟರ್. ಅಂಚಿನಿಂದ 50 ಮೀಟರ್ ಒಳಗಿನವರೆಗೆ ಬಿಸಿಲು, ಒಣಗಾಳಿ, ಕಳೆ ನುಗ್ಗುತ್ತವೆ ಎಂದಿಟ್ಟುಕೊಂಡರೆ ನಡುವೆ ನಿಜವಾದ ಕಾಡಾಗಿ ಉಳಿಯುವುದು 44 ಸೆಂಟ್ ಮಾತ್ರ. ಇಂಥ ಹತ್ತು ತುಂಡು ಸೇರಿದರೂ ಒಳಗಾಡು ನಾಲ್ಕೂವರೆ ಎಕರೆ ದಾಟದು. ಅದೇ ಐವತ್ತು ಎಕರೆ ಒಂದೇ ಕಡೆ ಇದ್ದರೆ ಒಳಗಾಡು ಮೂವತ್ತು ಎಕರೆ. ಕಾವಲಿನ ಖರ್ಚೂ ಹಾಗೆಯೇ: ಐದೆಕರೆಗೆ ಎಕರೆಯೊಂದಕ್ಕೆ 114 ಮೀಟರ್ ಗಡಿ ಕಾಯಬೇಕು, ಐವತ್ತು ಎಕರೆಗೆ 36 ಮೀಟರ್ ಸಾಕು. ಬ್ರಹ್ಮಗಿರಿ ಅಭಯಾರಣ್ಯದ ಅಂಚಿನಲ್ಲಿ 1991ರಲ್ಲಿ 55 ಎಕರೆಯಿಂದ ಶುರುವಾದ ಸಾಯಿ ಸ್ಯಾಂಕ್ಚುಯರಿ ಎಂಬ ಖಾಸಗಿ ಕಾಡು ಸುಮಾರು 300 ಎಕರೆಗೆ ಬೆಳೆದದ್ದು ಒಂದಕ್ಕೊಂದು ತಾಗಿದ ಜಾಗಗಳನ್ನೇ ಕೂಡಿಸುತ್ತಾ ಹೋಗಿದ್ದರಿಂದ. ಎಲ್ಲರಿಗೂ ಹಾಗೆ ಕೊಳ್ಳುವ ಶಕ್ತಿ ಇಲ್ಲ. ಕೊಳ್ಳಲಾಗದವರು ನೆರೆಯವರನ್ನು ಜೊತೆಗೆ ಹಾಕಿಕೊಳ್ಳಬೇಕು.

ಲಂಟಾನವೆಂಬ ಕಳೆಪೊದೆಯ ಉದಾಹರಣೆ ಕೊಡುತ್ತೇವೆ. ತಿತಿಮತಿ, ಮಾಲ್ದಾರೆ ಸುತ್ತ ಇದನ್ನು ಕಾಣದವರಿಲ್ಲ. ಕತ್ತಿಯಿಂದ ಸವರಿ ಹಾಕಿದರೆ ಮೊದಲ ಮಳೆಗೇ ಬುಡದಿಂದ ನಾಲ್ಕು ಪಟ್ಟು ಚಿಗುರು. ಜೆಸಿಬಿ ತಂದು ಬುಡಸಮೇತ ಎಬ್ಬಿಸಿದರೆ ಮಣ್ಣು ಮಗುಚಿ, ಅಡಗಿದ್ದ ಬೀಜವೆಲ್ಲ ಎದ್ದು ನಿಲ್ಲುತ್ತದೆ. ಸರಿಯಾದ ಕ್ರಮ ಬೇರೆ: ಬುಡದ ಮಣ್ಣು ಸರಿಸಿ, ನೆಲಮಟ್ಟದಿಂದ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಒಂದೇ ಏಟಿಗೆ ಕಡಿದು, ಇಡೀ ಪೊದೆಯನ್ನು ಮಗುಚಿ ಬೇರು ಆಕಾಶ ನೋಡುವಂತೆ ಒಣಗಲು ಬಿಡುವುದು. ಕಾಯಿ ಹಣ್ಣಾಗುವ ಮೊದಲೇ ಇದು ಮುಗಿಯಬೇಕು. ಆಮೇಲೆ ಎರಡು ಮೂರು ವರ್ಷ, ಹಕ್ಕಿ ಕೂರುವ ಮರಗಳ ಬುಡ ನೋಡಿಕೊಂಡು ಬಂದು ಸಸಿಗಳನ್ನು ಕೈಯಲ್ಲಿ ಕಿತ್ತರೆ ಸಾಕು. ಕೆಲಸ ಕೆಡುವುದು ಇಲ್ಲೇ. ಒಂದು ಟ್ರಸ್ಟು ತನ್ನ ಎಂಟೆಕರೆ ಕಷ್ಟಪಟ್ಟು ಸ್ವಚ್ಛ ಮಾಡುತ್ತದೆ, ಬೇಲಿಯಾಚೆಯ ಪಾಳು ಬಾಣೆಯಲ್ಲಿ (ಗದ್ದೆಗೆ ಸೇರಿದ ಎತ್ತರದ ಜಾಗದಲ್ಲಿ) ಲಂಟಾನ ತುಂಬ ಕಪ್ಪು ಹಣ್ಣು. ಪಿಕಳಾರ, ಮೈನಾಗಳಿಗೆ ಬೇಲಿ ಗೊತ್ತಿಲ್ಲ. ಮೂರನೇ ವರ್ಷಕ್ಕೆ ಎಂಟೆಕರೆ ಮೊದಲಿದ್ದಂತೆ. ಅಕ್ಕಪಕ್ಕದವರೆಲ್ಲ ಒಂದೇ ತಿಂಗಳಲ್ಲಿ, ನೀರು ಹರಿಯುವ ದಿಕ್ಕಿಗೆ ಅಂದರೆ ತೋಡಿನ (ಸಣ್ಣ ಹೊಳೆಯ) ಮೇಲ್ತುದಿಯಿಂದ ಕೆಳಕ್ಕೆ ಕೆಲಸ ಹಿಡಿಯದಿದ್ದರೆ ಈ ಖರ್ಚು ಮಾಡದಿರುವುದೇ ಲೇಸು.

ಆನೆ ದಾರಿಯ ಕಥೆಯೂ ಇದೇ. ಬಿಳಿಗಿರಿರಂಗನ ಬೆಟ್ಟ ಮತ್ತು ಕೊಳ್ಳೇಗಾಲದ ಕಾಡುಗಳ ನಡುವಿನ ಎಡೆಯಾರಳ್ಳಿ–ದೊಡ್ಡಸಂಪಿಗೆ ದಾರಿಯಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಇತರ ಸಂಸ್ಥೆಗಳೊಡನೆ ಸೇರಿ ಸುಮಾರು 25 ಎಕರೆ ಖಾಸಗಿ ಜಮೀನು ಕೊಂಡು ನಮ್ಮ ರಾಜ್ಯದ ಅರಣ್ಯ ಇಲಾಖೆಗೆ ಒಪ್ಪಿಸಿತು. ಗಡಿಯಾಚೆ ವಯನಾಡಿನ ತಿರುನೆಲ್ಲಿ–ಕುದ್ರಕೋಟೆ ದಾರಿಯಲ್ಲಿ ನಾಲ್ಕು ಊರುಗಳ 37 ಕುಟುಂಬಗಳಿಗೆ ಬೇರೆ ಕಡೆ ಮನೆ, ಜಮೀನು ಕೊಟ್ಟು ಜಾಗ ಬಿಡಿಸಿದ್ದೂ ಹೀಗೆ ಹಲವು ಸಂಸ್ಥೆಗಳು ಹೆಗಲು ಕೊಟ್ಟಿದ್ದರಿಂದ. 2015ರಲ್ಲಿ ಐದು ಸಂಸ್ಥೆಗಳು ಸೇರಿ ಏಷ್ಯನ್ ಎಲಿಫೆಂಟ್ ಅಲಯನ್ಸ್ ಎಂಬ ಕೂಟವನ್ನೇ ಕಟ್ಟಿದವು. ದೊಡ್ಡ ಸಂಸ್ಥೆಗಳೇ ಒಂಟಿಯಾಗಿ ಆಗದೆಂದು ಕೈಜೋಡಿಸಿರುವಾಗ ನಮ್ಮ ಹೋಬಳಿ ಮಟ್ಟದ ಟ್ರಸ್ಟುಗಳಿಗೆ ಬಿಗುಮಾನ ಏಕೋ ತಿಳಿಯದು. ದಾರಿಗೆಂದು ಜಾಗ ಕೊಂಡ ಮೇಲೂ ಅದರ ಬಾಯಿಗೆ ಸರಿಯಾಗಿ ಪಕ್ಕದ ತೋಟದವರು ಸೋಲಾರ್ ಬೇಲಿ ಎಳೆದರೆ, ಕಂದಕ ತೋಡಿದರೆ ದಾರಿ ಮುಗಿಯಿತು. ಆನೆ ಬದಿಗೆ ಸರಿದು ತೋಟದ ಕಾರ್ಮಿಕರ ಲೈನ್ ಮನೆಗಳ ಕಡೆಗೆ ನುಗ್ಗುತ್ತದೆ, ಬೈಗುಳ ಟ್ರಸ್ಟಿಗೆ.

ತೋಟದವರು ಏಕೆ ಒಪ್ಪಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಾಡುಮರ ಬೆಳೆಸಿದರೆ ಕಡಿಯಲು ಅಪ್ಪಣೆ ಬೇಕು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆಗಳಲ್ಲಿ ಸರ್ಕಾರಕ್ಕೆ ಹಣ ಕಟ್ಟಿ ಮರದ ಹಕ್ಕು ಬಿಡಿಸಿಕೊಳ್ಳದಿದ್ದರೆ ಮರವೇ ಸರ್ಕಾರದ್ದು. ಸಿಲ್ವರ್ ಓಕ್ ನೆಟ್ಟರೆ ಈ ತಂಟೆ ಇಲ್ಲ, ಮೆಣಸಿನ ಬಳ್ಳಿಯೂ ನೇರ ಏರುತ್ತದೆ. ನಂದಿ, ಬೀಟೆ, ಅತ್ತಿ, ಹಲಸು ಹೋಗಿ ಸಾಲುಸಾಲು ಸಿಲ್ವರ್ ಓಕ್ ಬಂದದ್ದು ತೋಟದವರ ದುರಾಸೆಯಿಂದ ಮಾತ್ರ ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಜೊತೆಗೆ, ಕಾಡು ಬೆಳೆಯಲು ಬಿಟ್ಟರೆ ನಾಳೆ ಸರ್ಕಾರದವರು 'ಡೀಮ್ಡ್ ಫಾರೆಸ್ಟ್' (ಕಾಡೆಂದೇ ಪರಿಗಣಿಸಿದ ಜಾಗ) ಎಂದು ಬರೆದುಕೊಂಡಾರು ಎಂಬ ಅಂಜಿಕೆ. ಟ್ರಸ್ಟುಗಳು ಉಪದೇಶ ಬಿಟ್ಟು ಕೆಲಸದ ನೆರವು ಕೊಡಬೇಕು: ಗಡಿಯ ಲಂಟಾನ ತೆಗೆಯಲು ಆಳು, ಮರಗಸಿಗೆ (ನೆರಳು ಮರದ ಕೊಂಬೆ ಸವರಲು) ಅನುಭವಿಗಳು, ಊರಿನದೇ ಬೀಜದಿಂದ ಎಬ್ಬಿಸಿದ ನೆರಳು ಮರದ ಸಸಿ, ಬೇಲಿ ಕೆಟ್ಟರೆ ಬ್ಯಾಟರಿ ಬದಲಿಸಲು ಒಂದು ಕೂಡುನಿಧಿ. ಪ್ರತಿಯಾಗಿ ತೋಟದವರು ತೋಡಿನ ಎರಡೂ ದಡದ ಮರಗಳಿಗೆ ಕೈಹಾಕದಿದ್ದರೆ, ಬೇಲಿಯನ್ನು ಮನೆ ಮತ್ತು ಕಣದ ಸುತ್ತಕ್ಕಷ್ಟೇ ಇಟ್ಟುಕೊಂಡರೆ ಸಾಕು.

ದೇವರಕಾಡಿನ ವಿಷಯದಲ್ಲಿ ಒಂದು ಎಚ್ಚರ. ಸಮಿತಿ, ದೇವತಕ್ಕರು (ದೇವಸ್ಥಾನದ ಪಾರಂಪರಿಕ ಮುಖ್ಯಸ್ಥರು) ಕಾಡನ್ನು ನಡೆಸಿಕೊಂಡು ಬಂದಿದ್ದರೂ ದಾಖಲೆಯಲ್ಲಿ ಅದು ಅರಣ್ಯ ಇಲಾಖೆಯ ವಶದಲ್ಲಿದೆ. 1905ರಲ್ಲಿ ಕಂದಾಯ ಇಲಾಖೆಗೆ ಹೋದದ್ದು 1985ರಲ್ಲಿ ಅರಣ್ಯ ಇಲಾಖೆಗೆ ಮರಳಿತು. ಹಾಗಾಗಿ ಸಮಿತಿಯೊಂದಿಗೆ ಮಾತ್ರ ಸಹಿ ಹಾಕಿಕೊಂಡ ಕಾಗದಕ್ಕೆ ಬೆಲೆ ಇಲ್ಲ. ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಹಾಗೆಂದು ಸಮಿತಿಯನ್ನು ಬದಿಗೆ ಸರಿಸಿದರೆ ಕೆಲಸ ಒಂದು ದಿನವೂ ನಡೆಯದು. ಅಯ್ಯಪ್ಪ ದೇವರಕಾಡಿನಲ್ಲಿ ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ಇರುವ ಕಡೆ ಕಳೆ ತೆಗೆಯಲು ಯಾವ ದಿನ ಹೋಗಬಹುದು, ಕಬ್ಬಿಣ ಮುಟ್ಟಿಸಬಾರದ ಮರ ಯಾವುದು ಎಂಬುದು ಅವರಿಗೇ ಗೊತ್ತು.

ಇನ್ನು ದಾಖಲೆ. ಎಲ್ಲರ ಸರ್ವೆ ನಂಬರುಗಳನ್ನೂ ಗ್ರಾಮ ನಕ್ಷೆಯ ಮೇಲೆ ಗುರುತಿಸುವುದು ಮೊದಲ ಕೆಲಸ. ಇದಕ್ಕೆ ಫೋನಿನಲ್ಲಿ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಒಳ್ಳೆಯದು, ಆದರೆ ಅದರ ಗೆರೆ ನಂಬಿ ಕಲ್ಲು ನೆಡಬೇಡಿ. ಮರದಡಿಯಲ್ಲಿ ಫೋನಿನ ಜಿಪಿಎಸ್ ಹತ್ತು ಮೀಟರ್ ಆಚೀಚೆ ತೋರಿಸುತ್ತದೆ. ಗಡಿಗೆ ಸರ್ಕಾರಿ ಭೂಮಾಪಕರ ಹದ್ದುಬಸ್ತು ಅಳತೆಯೇ ಆಗಬೇಕು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಸರಿಯಿದ್ದರೆ ಸಾಲದು, 11ನೇ ಕಾಲಂನಲ್ಲಿ ಸಾಲ, ತಡೆಯಾಜ್ಞೆ ಏನಾದರೂ ಇದೆಯೇ ನೋಡಬೇಕು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಗುರುತಿಸಿದ 11ಇ ನಕ್ಷೆ ಬೇಕು. ಋಣಭಾರ ಪತ್ರವನ್ನು (ಇ.ಸಿ.) ಕನಿಷ್ಠ 30 ವರ್ಷಕ್ಕೆ ತೆಗೆಸಿ. ಆದರೂ ಕುಟುಂಬದೊಳಗಿನ ಪಾಲಿನ ತಕರಾರು ಅದರಲ್ಲಿ ಕಾಣದು, ಕೊಡಗಿನ ಒಕ್ಕದ (ಇಡೀ ಮನೆತನದ) ಆಸ್ತಿಗಳಲ್ಲಂತೂ ಖಂಡಿತ ಕಾಣದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. 2023ರ ತಿದ್ದುಪಡಿ ಕಾಲಮಿತಿ ಇಲ್ಲವೆಂದು ಹೇಳಿರುವಾಗ 'ಹಳೆಯ ಮಾತು, ಅವಧಿ ಮೀರಿತು' ಎಂಬ ವಾದವನ್ನು ನಂಬಿಕೊಳ್ಳುವಂತೆಯೂ ಇಲ್ಲ. ಜೇನುಕುರುಬರು, ಯರವರು ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿರುವ ಜಾಗವನ್ನು 'ಖಾಲಿ' ಎಂದು ನಕ್ಷೆಯಲ್ಲಿ ಬಣ್ಣ ಹಚ್ಚುವ ಟ್ರಸ್ಟು ಒಪ್ಪಂದಕ್ಕೆ ಬರುವುದೇ ಬೇಡ.

ಅಮೆರಿಕದಲ್ಲಿ ಟ್ರಸ್ಟುಗಳು ಜಮೀನು ಕೊಳ್ಳದೆ, 'ಇಲ್ಲಿ ಕಟ್ಟುವುದಿಲ್ಲ, ಕಡಿಯುವುದಿಲ್ಲ' ಎಂಬ ಹಕ್ಕನ್ನು ಮಾತ್ರ ಮಾಲೀಕರಿಂದ ಬರೆಸಿಕೊಂಡು ಶಾಶ್ವತವಾಗಿ ಕಾಯುತ್ತವೆ. ಕೋರ್ಟು ಖರ್ಚಿಗೆಂದು ನೂರಾರು ಟ್ರಸ್ಟುಗಳು ಸೇರಿ 2013ರಿಂದ ಟೆರಾಫರ್ಮಾ ಎಂಬ ತಮ್ಮದೇ ವಿಮಾ ಕಂಪನಿ ನಡೆಸುತ್ತಿವೆ. ಅದನ್ನು ಹಾಗೇ ಇಲ್ಲಿಗೆ ತರಲಾಗದು. ನಮ್ಮ 1882ರ ಈಸ್ಮೆಂಟ್ (ಒಬ್ಬರ ಜಮೀನಿನ ಮೇಲೆ ಇನ್ನೊಬ್ಬರಿಗಿರುವ ಹಕ್ಕಿನ) ಕಾಯ್ದೆಯಲ್ಲಿ ಇಂಥ ಹಕ್ಕು ಸಿಗುವುದು ತನ್ನ ಸ್ವಂತ ಜಮೀನಿನ ಅನುಭೋಗಕ್ಕಾಗಿ ಮಾತ್ರ. ಗಮನಿಸಿ, ದೂರದ ದೊಡ್ಡ ಸಂಸ್ಥೆಗೆ ಸಿಗದ ಈ ಹಕ್ಕನ್ನು ಪಕ್ಕದಲ್ಲೇ ಎರಡೆಕರೆ ಇರುವ ಊರಿನ ಟ್ರಸ್ಟು ಕೇಳಬಹುದು. ಕೂಟದಲ್ಲಿ ಸಣ್ಣವರಿಗೆ ಇರುವ ಬೆಲೆ ಇದು. ಗೇಣಿಗೆ ಪಡೆಯುವ ಯೋಚನೆ ಬೇಡ. ಕೃಷಿ ಭೂಮಿಯ ಗೇಣಿಗೆ ಭೂಸುಧಾರಣಾ ಕಾಯ್ದೆಯ 5ನೇ ಕಲಂ ಅಡ್ಡ ಬರುತ್ತದೆ.

ಹಣದ ವಿಷಯದಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಟ್ರಸ್ಟು ವಿದೇಶಿ ದೇಣಿಗೆ ತಂದು, ನೋಂದಣಿ ಇರುವ ಜೊತೆಗಾರರಿಗೆ ಹಂಚುತ್ತಿತ್ತು. 2020ರ ತಿದ್ದುಪಡಿಯಿಂದ ಹಾಗೆ ದಾಟಿಸುವುದು ಸಂಪೂರ್ಣ ನಿಷಿದ್ಧ. ಇಬ್ಬರಿಗೂ ನೋಂದಣಿ ಇದ್ದರೂ ಸರಿಯೇ. ಆಡಳಿತ ಖರ್ಚಿನ ಮಿತಿಯೂ ಶೇ 50ರಿಂದ ಶೇ 20ಕ್ಕೆ ಇಳಿಯಿತು. ದೇಶದೊಳಗಿನ ದೇಣಿಗೆಯನ್ನು ಇನ್ನೊಂದು ಟ್ರಸ್ಟಿಗೆ ಕೊಟ್ಟರೂ 2023ರ ಹಣಕಾಸು ಕಾಯ್ದೆಯ ಪ್ರಕಾರ ಅದರ ಶೇ 85 ಮಾತ್ರ ಖರ್ಚೆಂದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹಣ ಹಾಕುವ ಬದಲು ಕೆಲಸ ಹಂಚಿಕೊಳ್ಳಿ. ಒಬ್ಬರು ಕಾವಲುಗಾರರ ಸಂಬಳ ನೇರ ಕೊಡಲಿ, ಇನ್ನೊಬ್ಬರು ಬೇಲಿ ಸಾಮಾನಿನ ಬಿಲ್ಲು ಕಟ್ಟಲಿ. ಬೆಂಕಿ ರೇಖೆಯ (ಬೆಂಕಿ ಹರಡದಂತೆ ಸವರಿ ತೆರವು ಮಾಡುವ ಪಟ್ಟಿಯ) ಖರ್ಚನ್ನು ಎಕರೆ ಲೆಕ್ಕದಲ್ಲಿ ಹಂಚುವುದು ಸರಿ, ಬೆಂಕಿ ಬಂದರೆ ಸುಡುವುದು ಎಕರೆಗಳೇ. ಬೇಲಿ ರಿಪೇರಿ ಮಾತ್ರ ಓಟದ ಮೀಟರ್ ಲೆಕ್ಕದಲ್ಲಿ ಇರಲಿ.

ಒಪ್ಪಂದದ ಕಾಗದ ಹೇಗಿರಬೇಕು? ಶಾಲು ಹೊದಿಸಿ ಫೋಟೊ ತೆಗೆಸಿಕೊಂಡ ಒಡಂಬಡಿಕೆಗಳು ಕಪಾಟಿನಲ್ಲಿ ಬೇಕಾದಷ್ಟಿವೆ. ಸರ್ವೆ ನಂಬರ್, ಚಕ್ಕುಬಂದಿ ಸಮೇತ ಯಾರ ಜಾಗ ಯಾವುದೆಂದು ಬರೆಯಿರಿ. ಲಂಟಾನಕ್ಕೆ ಯಾವ ತಿಂಗಳು ಎಂದು ಬರೆಯಿರಿ. ಬೆಂಕಿ ರೇಖೆ ಜನವರಿ ಮುಗಿಯುವುದರೊಳಗೆ ಎಂದೂ ಬರೆಯಿರಿ. ಯಾರಾದರೂ ಮಾರುವುದಾದರೆ ಉಳಿದವರಿಗೆ ಮೊದಲು ತಿಳಿಸಿ 60 ದಿನ ಕಾಯಬೇಕೆಂಬ ಷರತ್ತು ಹಾಕಿ. ಸ್ಥಿರಾಸ್ತಿಯಲ್ಲಿ ಹಕ್ಕು ಕೊಡುವ ಯಾವ ಮಾತಿದ್ದರೂ ಅದನ್ನು ಬೇರೆ ಪತ್ರವಾಗಿ ನೋಂದಾಯಿಸಬೇಕು; ನೋಂದಣಿಯಾಗದ್ದು ಕೋರ್ಟಿನಲ್ಲಿ ಪುರಾವೆಯಾಗಿ ನಿಲ್ಲದು. ಎಲ್ಲಕ್ಕಿಂತ ಮುಖ್ಯ, ಪ್ರತಿ ಟ್ರಸ್ಟಿನ ಪತ್ರದಲ್ಲೂ 'ಈ ಟ್ರಸ್ಟು ನಿಂತುಹೋದರೆ ಜಾಗ ಯಾರಿಗೆ' ಎಂಬ ಕಲಂ ತಿದ್ದಿ, ಕೂಟದ ಇನ್ನೊಂದು ಟ್ರಸ್ಟಿನ ಹೆಸರು ಹಾಕಬೇಕು. ಸ್ಥಾಪಕರು ತೀರಿಕೊಂಡ ಮೇಲೆ ಹೊರನಾಡಿನಲ್ಲಿರುವ ಮಕ್ಕಳೇ ಟ್ರಸ್ಟಿಗಳಾಗಿ, ಸಭೆಗೆ ಕೋರಂ ಇಲ್ಲದೆ, ಒತ್ತುವರಿ ಆದರೂ ದೂರು ಕೊಡುವವರಿಲ್ಲದ ಸ್ಥಿತಿ ಬರುವುದು ಇಂಥ ಕಲಂ ಇಲ್ಲದ ಕಡೆ. ಮೇಲ್ವಿಚಾರಣೆಗೆ ದುಬಾರಿ ಕ್ಯಾಮೆರಾ ಬೇಡ: ಗಡಿಕಲ್ಲಿನ ಪಕ್ಕ ನಿಂತು ನಾಲ್ಕು ದಿಕ್ಕಿಗೆ ನಾಲ್ಕು ಫೋಟೊ, ಫೆಬ್ರುವರಿಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ, ಪ್ರತಿ ವರ್ಷ ಅದೇ ಜಾಗದಿಂದ. ನೆರೆಯ ಟ್ರಸ್ಟಿನವರು ತೆಗೆಯಲಿ, ತಮ್ಮದನ್ನು ತಾವೇ ತೆಗೆಯುವುದು ಬೇಡ.

ಇದಕ್ಕೆ ಕಾನೂನಿನ ಬಲವೂ ಸಿಗುತ್ತದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಸೇರಿದ 36ಸಿ ಕಲಂನಂತೆ, ಮಾಲೀಕರು ತಾವಾಗಿ ಮುಂದೆ ಬಂದರೆ ಖಾಸಗಿ ಜಾಗವನ್ನು ಸಮುದಾಯ ಮೀಸಲು ಎಂದು ಘೋಷಿಸಬಹುದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗೆ ಆಯಿತು. ಒಮ್ಮೆ ಘೋಷಣೆಯಾದರೆ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಭೂಬಳಕೆ ಬದಲಿಸುವಂತಿಲ್ಲ. ಖಾಸಗಿ ಜಾಗದ ಮಾಲೀಕರಿಗೆ ಮೊದಲು ಸಮಿತಿಯಲ್ಲಿ ಕುರ್ಚಿಯ ಖಾತ್ರಿ ಇರಲಿಲ್ಲ. 2022ರ ತಿದ್ದುಪಡಿಯಲ್ಲಿ ಮಾಲೀಕರು, ಅರಣ್ಯ ಇಲಾಖೆಯ ಪ್ರತಿನಿಧಿ, ಪಂಚಾಯಿತಿ ಅಥವಾ ಬುಡಕಟ್ಟು ಸಮುದಾಯದ ಪ್ರತಿನಿಧಿ ಇರುವ ಸಮಿತಿಗೆ ದಾರಿಯಾಗಿದೆ. ತೋಟದವರ ಅರ್ಧ ಅಂಜಿಕೆ ಇದರಿಂದಲೇ ಹೋಗಬೇಕು. ಅರಣ್ಯ ಇಲಾಖೆ ಪೊನ್ನಂಪೇಟೆ ತಾಲ್ಲೂಕಿನ ಒಂದೇ ಒಂದು ತೋಡಿನ ದಡದಲ್ಲಿ, ಮೂರು ನಾಲ್ಕು ಮಾಲೀಕರ ಜಾಗ ಕೂಡಿಸಿ ಇದನ್ನು ಮಾಡಿ ತೋರಿಸಲಿ ಎಂಬುದು ನಮ್ಮ ಕೋರಿಕೆ.

ಅದಕ್ಕೆ ಮುಂಚೆ ಅಳತೆ ಮುಗಿಯಬೇಕು. ಜೂನ್ ಮಳೆ ಹಿಡಿದರೆ ಕೊಡಗಿನಲ್ಲಿ ಗಡಿಯ ಮೇಲೆ ನಡೆಯಲೂ ಆಗದು, ಭೂಮಾಪಕರು ಮತ್ತೆ ಬರುವಾಗ ಕಾಫಿ ಕೊಯ್ಲು ಎದುರಿಗಿರುತ್ತದೆ, ಆಗ ಜೊತೆಗೆ ನಿಲ್ಲಲು ಮಾಲೀಕರಿಗೂ ಪುರುಸೊತ್ತಿಲ್ಲ. ಹದ್ದುಬಸ್ತಿಗೆ ಅರ್ಜಿ ಹಾಕುವವರು ಫೆಬ್ರುವರಿಯಲ್ಲೇ, ಎಲ್ಲರೂ ಒಂದೇ ದಿನ ಹಾಕಿ.

ಇಂತಿ,
ಕಾಡು ಮತ್ತು ಭೂದಾಖಲೆಯ ಕೆಲಸದಲ್ಲಿರುವ ಕೆಲವು ಓದುಗರು,
ದಕ್ಷಿಣ ಕೊಡಗು