ದಿನ ಉಳಿಸಿಕೊಟ್ಟವರಿಗೆ

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ ಮುಗಿದ ವಾರ ಶುರುವಾದ ಶ್ವಾಸಕೋಶ ಕ್ಯಾನ್ಸರ್ ಮಾಹಿತಿ ಸಭೆಗಳು ಹುತ್ತರಿ ಹಬ್ಬದ ಹೊತ್ತಿಗೆ ಮುಗಿದವು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ಐದೂ ತಾಲ್ಲೂಕುಗಳಲ್ಲಿ ಜಾಗ ಕೊಟ್ಟವರಿಗೆ, ಬೆಂಚು ಹೊತ್ತವರಿಗೆ, ಮಳೆಯಲ್ಲೇ ಬಂದು ಕೂತವರಿಗೆ ನಮಸ್ಕಾರ. ಈ ಬರಹ ಮಾತ್ರ ಬೇರೆ ಕೆಲವರಿಗಾಗಿ. ಈ ಕಾಯಿಲೆಯಲ್ಲಿ ದಿನಗಳು ಸೋರಿಹೋಗುವ ಜಾಗಗಳು ಗೊತ್ತಿರುವಂಥವೇ. ಅಲ್ಲಲ್ಲಿ ಅಡ್ಡ ನಿಂತು ದಿನ ಉಳಿಸಿಕೊಟ್ಟವರಿದ್ದಾರೆ. ಅವರು ಮಾಡಿದ್ದೇನು, ಅದು ಯಾಕೆ ಸರಿ ಎಂದು ಬಿಡಿಸಿ ಬರೆದರೆ ಅದೇ ಅವರಿಗೆ ಸಲ್ಲುವ ಕೃತಜ್ಞತೆ.

ಮೊದಲು ಔಷಧಿ ಅಂಗಡಿಯವರು. ಕೆಮ್ಮಿನ ಸಿರಪ್ಪಿನ ಮೂರನೇ ಬಾಟಲಿ ಕೇಳಿದವರಿಗೆ ‘ಇನ್ನು ಕೊಡಲ್ಲ ಅಣ್ಣ, ಎಕ್ಸ್‌ರೇ ಮಾಡಿಸ್ಕೊಂಡು ಬನ್ನಿ’ ಎಂದವರು. ಶ್ವಾಸಕೋಶದ ಒಳಭಾಗಕ್ಕೆ ನೋವು ತಿಳಿಯುವುದಿಲ್ಲ. ಗಡ್ಡೆ ಹೊರಪೊರೆಗೋ ಪಕ್ಕೆಲುಬಿಗೋ ತಾಗಿದ ಮೇಲೆಯೇ ನೋವು. ಅಲ್ಲಿಯವರೆಗೆ ಬರೀ ಕೆಮ್ಮು, ಎಷ್ಟೋ ಜನರಿಗೆ ಅದೂ ಇಲ್ಲ. ಬೀಡಿ ಸೇದುವವರಿಗೆ ಕೆಮ್ಮು ಹಳೇ ನಂಟು, ಅದರ ಧಾಟಿ ಬದಲಾದದ್ದು ಮನೆಯವರಿಗೇ ಮೊದಲು ಗೊತ್ತಾಗುವುದು. ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ಒಂದೇ ಒಂದು ಗೆರೆ ರಕ್ತ, ಮೂರು ವಾರವಾದರೂ ಸರಿಹೋಗದ ಒಡಕು ಸ್ವರ, ಭುಜದಿಂದ ತೋಳಿಗಿಳಿಯುವ ನೋವು, ಬೆಳಗ್ಗೆ ಊದಿಕೊಳ್ಳುವ ಮುಖ, ಕಾರಣವಿಲ್ಲದೆ ಇಳಿದ ತೂಕ: ಇವುಗಳಲ್ಲಿ ಯಾವುದೊಂದಿದ್ದರೂ ಸಾಕು, ಆಸ್ಪತ್ರೆಗೆ ಹೋಗಬೇಕು. ಉಗುರನ್ನೂ ನೋಡಿ. ಎರಡೂ ಕೈಯ ತೋರುಬೆರಳುಗಳ ಉಗುರನ್ನು ಬೆನ್ನಿಗೆ ಬೆನ್ನು ಹಚ್ಚಿ ಬೆಳಕಿಗೆ ಹಿಡಿದರೆ ಬುಡದಲ್ಲಿ ವಜ್ರಾಕಾರದ ಸಣ್ಣ ಕಿಂಡಿ ಕಾಣಬೇಕು. ಕಿಂಡಿ ಮುಚ್ಚಿಹೋಗಿ ಬೆರಳ ತುದಿ ಉಬ್ಬಿದ್ದರೆ ವೈದ್ಯರಿಗೆ ತೋರಿಸಿ. ಬೇರೆ ಕಾಯಿಲೆಗಳಲ್ಲೂ ಹೀಗಾಗುತ್ತದೆ, ಆದರೆ ಸುಮ್ಮನೆ ಆಗುವುದು ಅಪರೂಪ.

ಆಶಾ ಅಕ್ಕಂದಿರಿಗೆ ಸಲ್ಲಬೇಕಾದ್ದು ಎಲ್ಲರಿಗಿಂತ ಹೆಚ್ಚು. ನಮ್ಮಲ್ಲಿ ದಿನಗಳಲ್ಲ, ತಿಂಗಳುಗಳೇ ಸೋರಿಹೋಗುವುದು ಟಿಬಿ ಮತ್ತು ಕ್ಯಾನ್ಸರ್ ನಡುವಿನ ಗೊಂದಲದಲ್ಲಿ. ಎಕ್ಸ್‌ರೇಯಲ್ಲಿ ಎರಡೂ ಬಿಳಿ ಕಲೆಯೇ. ಕೆಮ್ಮು, ರಕ್ತ, ತೂಕ ಇಳಿಯುವುದು ಎರಡರಲ್ಲೂ ಉಂಟು. ಬಿಡಿಸಿ ಹೇಳುವುದು ಕಫ, ಅದೂ ಸರಿಯಾಗಿ ತೆಗೆದ ಕಫ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಇವರು ಹೇಳಿಕೊಟ್ಟ ಕ್ರಮ ಪುಸ್ತಕದಲ್ಲಿದ್ದ ಹಾಗೆಯೇ ಇತ್ತು: ಎದ್ದ ಕೂಡಲೇ, ಕಾಫಿಗೂ ಮುಂಚೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಮನೆಯ ಹೊರಗೆ ಗಾಳಿಯಾಡುವಲ್ಲಿ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮುವುದು. ಬೇಕಾದ್ದು 2ರಿಂದ 5 ಮಿಲಿ, ಅಂದರೆ ಅರ್ಧದಿಂದ ಒಂದು ಟೀ ಚಮಚ. ಡಬ್ಬಿಯಲ್ಲಿ ನೊರೆನೊರೆ, ನೀರಾಗಿ ಕಂಡರೆ ಅದು ಜೊಲ್ಲು, ವಾಪಸ್ ಕೊಟ್ಟು ಮತ್ತೆ ತೆಗೆಸಬೇಕು. ಜೊಲ್ಲು ಹೋದರೆ ವರದಿ ‘ಇಲ್ಲ’ ಎಂದು ಬರುತ್ತದೆ, ಆ ‘ಇಲ್ಲ’ಕ್ಕೆ ಅರ್ಥವಿಲ್ಲ.

ಸರಿಯಾದ ಕಫದಲ್ಲೂ ಟಿಬಿ ಸಿಗದಿದ್ದರೆ ಅಲ್ಲಿಗೆ ನಿಲ್ಲಿಸಬಾರದು. ಬರೀ ಎಕ್ಸ್‌ರೇ ನೋಡಿ ಟಿಬಿ ಮಾತ್ರೆ ಶುರುವಾಗಿದ್ದು, ಎರಡು ತಿಂಗಳಾದರೂ ತೂಕ ಏರದೆ ಕಲೆ ತಿಳಿಯಾಗದೆ ಇದ್ದರೆ ಸಿಟಿ ಸ್ಕ್ಯಾನ್ ಕೇಳಿ. ರೋಗಿ ಐವತ್ತು ದಾಟಿದ ಬೀಡಿ ಸೇದುವವರಾದರೆ ಎರಡು ತಿಂಗಳು ಕಾಯುವುದೂ ಬೇಡ. ಟಿಬಿ ಇದೆ ಎಂದು ಬಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದೂ ಅಲ್ಲ, ಎರಡೂ ಒಟ್ಟಿಗೆ ಇರುವುದುಂಟು. ಹಾಗೆಂದು ಊರಿಗೆ ಊರೇ ಸಿಟಿ ಮಾಡಿಸಿ ಎಂದು ನಾವು ಎಲ್ಲೂ ಹೇಳಿಲ್ಲ. ಕಡಿಮೆ ವಿಕಿರಣದ ಸಿಟಿಯಿಂದ ಶ್ವಾಸಕೋಶ ಕ್ಯಾನ್ಸರ್ ಸಾವು ಶೇ 20ರಷ್ಟು ತಗ್ಗಿದ್ದನ್ನು 2011ರಲ್ಲಿ ಅಮೆರಿಕದಲ್ಲಿ ತೋರಿಸಿದರು ನಿಜ. ಆದರೆ ಅದು 55ರಿಂದ 74 ವಯಸ್ಸಿನ, ದಿನಕ್ಕೊಂದು ಪ್ಯಾಕ್‌ನಂತೆ 30 ವರ್ಷ ಸೇದಿದಷ್ಟು ಲೆಕ್ಕವಿದ್ದವರಲ್ಲಿ. ಹಳೇ ಟಿಬಿ ಗಾಯದ ಗುರುತು ಹೊತ್ತ ಎದೆಗಳೇ ಹೆಚ್ಚಿರುವ ನಮ್ಮಲ್ಲಿ ಕಂಡಕಂಡವರಿಗೆಲ್ಲ ಸಿಟಿ ಮಾಡಿದರೆ ಸುಳ್ಳು ಗಾಬರಿಯೇ ಜಾಸ್ತಿ.

ಹಳೇ ಎಕ್ಸ್‌ರೇ ಫಿಲ್ಮನ್ನು ಜೋಪಾನ ಮಾಡಿದ ಮನೆಗಳಿಗೆ ವಿಶೇಷ ವಂದನೆ. ಐದು ವರ್ಷದ ಹಿಂದಿನ ಫಿಲ್ಮಿನಲ್ಲೂ ಅದೇ ಕಲೆ ಅಷ್ಟೇ ಗಾತ್ರದಲ್ಲಿದ್ದರೆ ಅದು ಹೆಚ್ಚಾಗಿ ಹಳೇ ಗಾಯ. ಇಲ್ಲದ್ದು ಈಗ ಬಂದಿದ್ದರೆ ಓಡಬೇಕು. ಕೊಡಗಿನ ಮಳೆಗಾಲದಲ್ಲಿ ಫಿಲ್ಮುಗಳು ಒಂದಕ್ಕೊಂದು ಅಂಟಿ, ಬಿಡಿಸುವಾಗ ಪದರ ಕಿತ್ತು ಬರುತ್ತದೆ, ಇಲ್ಲವೇ ಬೂಷ್ಟು ಹಿಡಿದು ಎಲ್ಲವೂ ಕಲೆಯೇ ಆಗುತ್ತದೆ. ಒಂದೊಂದರ ನಡುವೆ ಒಣ ಕಾಗದವಿಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಗೋಡೆಗೆ ತಾಗದಂತೆ ಬೀರುವಿನಲ್ಲಿಡಿ. ವಾಟ್ಸಾಪಿನಲ್ಲಿ ಬಂದ ಫೋಟೋ ಫಿಲ್ಮಿಗೆ ಸಮವಲ್ಲ. ಸಿಟಿಯಾದರೆ ಸಿಡಿಯನ್ನೂ ಕೇಳಿ ಪಡೆಯಿರಿ.

ಸೂಜಿಯಿಂದ ಗಡ್ಡೆಯ ತುಣುಕು ತೆಗೆದು ನೋಡುವ ಬಯಾಪ್ಸಿ ಮಾಡಿಸಲು ಒಪ್ಪಿಸಿದ ಹಿರಿಯರಿದ್ದಾರೆ. ‘ಸೂಜಿ ತಾಗಿದರೆ ಹರಡುತ್ತದೆ’ ಎಂಬ ಮಾತನ್ನು ಕುಟುಂಬದೊಳಗೇ ತಡೆದವರು. ಸೂಜಿಯ ನಿಜವಾದ ತೊಂದರೆ ಬೇರೆ: ಎದೆಗೂಡಿನೊಳಗೆ ಗಾಳಿ ಸೋರಿ ಶ್ವಾಸಕೋಶ ಕುಗ್ಗಬಹುದು, ಸ್ವಲ್ಪ ರಕ್ತ ಬರಬಹುದು. ಅದಕ್ಕೇ ಕೆಲವು ಗಂಟೆ ಅಲ್ಲೇ ಇರಿಸಿಕೊಳ್ಳುತ್ತಾರೆ. ಅವಸರದಲ್ಲಿ ಬಸ್ ಹತ್ತಬೇಡಿ. ತೆಗೆದ ತುಣುಕನ್ನು ಮೇಣದಲ್ಲಿ ಹೂತು ‘ಬ್ಲಾಕ್’ ಮಾಡುತ್ತಾರೆ, ಬೆರಳ ತುದಿಯಷ್ಟು ಮೇಣದಲ್ಲಿ ಸಾಸಿವೆಕಾಳಿನಂಥ ಚೂರುಗಳು. ಮುಂದಿನ ಆಸ್ಪತ್ರೆಗೆ ವರದಿಯ ಜತೆ ಇದನ್ನೂ ಒಯ್ಯಬೇಕು, ಇಲ್ಲದಿದ್ದರೆ ಮತ್ತೊಮ್ಮೆ ಚುಚ್ಚಿಸಿಕೊಳ್ಳುವ ಕರ್ಮ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮಾತ್ರ ಇಡಬೇಡಿ. ವರದಿಯಲ್ಲಿ ಅಡಿನೋಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರ್ ಎಂದು ಬಂದರೆ, ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳಲ್ಲಿ ಬದಲಾವಣೆ ಇದೆಯೇ ಎಂಬ ಪರೀಕ್ಷೆ ಇದೇ ಬ್ಲಾಕಿನಿಂದ ಆಗುತ್ತದೆ. ಬೀಡಿ ಮುಟ್ಟದ ಹೆಂಗಸರಲ್ಲೂ ಈ ಬಗೆ ಬರುತ್ತದೆ, ಆ ಬದಲಾವಣೆ ಸಿಕ್ಕರೆ ಕೀಮೋ ಬದಲು ದಿನಾ ನುಂಗುವ ಮಾತ್ರೆಯಿಂದಲೇ ಚಿಕಿತ್ಸೆ ಶುರುಮಾಡಬಹುದು.

ತೋಟದ ಆಳುಲೆಕ್ಕ ನೋಡಿಕೊಳ್ಳುವ ರೈಟರುಗಳು ಕಾಫಿ ಕೊಯ್ಲಿನ ನಡುವೆಯೂ ರಜೆ ಕೊಟ್ಟರು. ಕೀಮೋ ಸಾಮಾನ್ಯವಾಗಿ 21 ದಿನಕ್ಕೊಮ್ಮೆ. ತಾರೀಕು ಮೊದಲೇ ಗೊತ್ತಿರುವುದರಿಂದ ಆಳು ಹೊಂದಿಸುವುದು ಕಷ್ಟವಲ್ಲ ಎಂದು ಅವರೇ ತೋರಿಸಿದರು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲು ಕೈಯಲ್ಲಿರಬೇಕು. ಪತ್ರವಿಲ್ಲದೆ ಬೆಂಗಳೂರಿನ ಕಿದ್ವಾಯಿವರೆಗೆ ಹೋಗಿ ವಾಪಸ್ ಬರುವುದೆಂದರೆ ಎರಡು ದಿನ ಮಣ್ಣುಪಾಲು. ವಾಂತಿ ಇದ್ದವರಿಗೆ ಮಂಗಳೂರಿನ ಕಡೆ ಇಳಿಯುವ ಸಂಪಾಜೆ ಘಾಟಿಯ ತಿರುವಿಗಿಂತ ಮೈಸೂರಿನ ಕಡೆ ಹೋಗುವ ಹುಣಸೂರು ದಾರಿಯೇ ವಾಸಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿದ್ದನ್ನು ಕಂಡವರು ಮಳೆಗಾಲಕ್ಕೆ ಎರಡು ವಾರದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ.

ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನದೊಳಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತವೆ. ಆಗ 100.4 ಡಿಗ್ರಿ ಜ್ವರ ಬಂದರೂ ಅದು ‘ಬೆಳಗ್ಗೆ ನೋಡೋಣ’ ಎನ್ನುವ ಜ್ವರವಲ್ಲ. ಪ್ಯಾರಾಸಿಟಮಾಲ್ ನುಂಗಿ ಮಲಗಿದರೆ ಜ್ವರ ಅಡಗುತ್ತದೆ, ಸೋಂಕು ಅಡಗುವುದಿಲ್ಲ. ಮನೆಯ ಅಂಗಳದಲ್ಲಿ 108ಕ್ಕೆ ಸಿಗ್ನಲ್ ಸಿಗುವ ಜಾಗ ಯಾವುದೆಂದು ಹಗಲಲ್ಲೇ ಗುರುತು ಮಾಡಿಟ್ಟ ಪಕ್ಕದ ಮನೆಯವರಿಗೂ ಇಲ್ಲೊಂದು ವಂದನೆ.

ಬಿಡಿ ಸಿಗರೇಟು ಮಾರುವುದನ್ನು ನಿಲ್ಲಿಸಿದ ಅಂಗಡಿಯವರಿಗೆ, ಸೇದುವುದನ್ನು ಬಿಟ್ಟೇಬಿಟ್ಟವರಿಗೆ ಶಹಬ್ಬಾಸ್. ಬಿಟ್ಟು ಹತ್ತು ವರ್ಷವಾದರೆ ಸೇದುತ್ತಲೇ ಇದ್ದವರಿಗಿಂತ ಈ ಕ್ಯಾನ್ಸರಿನ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಕೊಡಗಿನವರಿಗೆ ಮಾತ್ರ ಒಂದು ಕಿವಿಮಾತು ಬೇಕು: ಬೀಡಿ ಹೊಗೆ ದೇಹದಲ್ಲಿ ಕೆಫೀನನ್ನು ಬೇಗ ಕರಗಿಸುತ್ತದೆ. ಬೀಡಿ ಬಿಟ್ಟು ಕಾಫಿ ಹಾಗೇ ಮುಂದುವರಿಸಿದರೆ ಅದೇ ಲೋಟ ಎರಡು ಲೋಟದಂತೆ ಹೊಡೆಯುತ್ತದೆ, ನಿದ್ದೆ ಹಾರಿ ಕೈ ನಡುಗುತ್ತದೆ. ಅದನ್ನು ಬೀಡಿಯ ಚಟವೆಂದು ತಿಳಿದು ಮತ್ತೆ ಹಚ್ಚುತ್ತಾರೆ. ಕಾಫಿ ಅರ್ಧ ಮಾಡಿ. ಬೀಡಿ ಚಟ ಬಿಡಿಸುವ ನಿಕೋಟಿನ್ ಗಮ್ ಹಾಕುವ 15 ನಿಮಿಷ ಮುಂಚೆ ಕಾಫಿ ಬೇಡವೇ ಬೇಡ, ಬಾಯಿ ಹುಳಿಯಾಗಿ ಔಷಧಿ ಹೀರುವುದಿಲ್ಲ. ಗಮ್ಮನ್ನು ಚೂಯಿಂಗ್ ಗಮ್ಮಿನಂತೆ ಜಗಿಯದೆ, ಖಾರ ಹತ್ತಿದ ಕೂಡಲೇ ಕೆನ್ನೆಯ ಮೂಲೆಯಲ್ಲಿಡಿ. ಬೀಡಿ ಬದಲು ಕಡ್ಡಿಪುಡಿಗೆ ಇಳಿದರೆ ಕ್ಯಾನ್ಸರ್ ಎದೆಯಿಂದ ಬಾಯಿಗೆ ಜಾಗ ಬದಲಿಸುತ್ತದೆ ಅಷ್ಟೇ. ತಂಬಾಕು ಬಿಡಲು ಸಹಾಯವಾಣಿ 1800-11-2356, ಕರೆಗೆ ದುಡ್ಡಿಲ್ಲ.

ಕೊನೆಗೆ ಒಲೆ ಮುಂದಿನವರು. ಸೌದೆ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ ‘ಬಹುಶಃ ಕ್ಯಾನ್ಸರ್‌ಕಾರಕ’ಗಳ ಸಾಲಿನಲ್ಲಿಟ್ಟಿದೆ, ಬೀಡಿಯಷ್ಟು ಖಚಿತವಲ್ಲ, ಹಾಗೆಂದು ತಳ್ಳಿಹಾಕುವಂಥದ್ದೂ ಅಲ್ಲ. ಗ್ಯಾಸ್ ಬಂದ ಮನೆಯಲ್ಲೂ ಬಚ್ಚಲ ಹಂಡೆಗೆ ಸೌದೆಯೇ. ಊದುಕೊಳವೆಗೆ ಬಾಯಿಟ್ಟು ಕೂತವರ ಮುಖಕ್ಕೇ ಹೊಗೆ ಬಡಿಯುತ್ತದೆ, ಜುಲೈಯ ಹಸಿ ಸೌದೆಯಾದರೆ ಕೇಳುವುದೇ ಬೇಡ. ಮೇ ತಿಂಗಳಲ್ಲೇ ಸೌದೆ ಸೀಳಿ ಶೆಡ್ಡಿಗೆ ಸೇರಿಸಿದ, ಹಂಡೆ ಒಲೆಗೆ ತಗಡಿನ ಕೊಳವೆ ಕೂರಿಸಿದ ಮನೆಗಳನ್ನು ಈ ಬಾರಿ ಕಂಡೆವು. ಕೊಳವೆಯ ಬಾಯಿ ಸೂರಿನ ಕೆಳಗೆ ನಿಂತರೆ ಹೊಗೆ ಹೆಂಚಿನ ಸಂದಿಯಿಂದ ವಾಪಸ್ ಬರುತ್ತದೆ. ಮಾಡು ದಾಟಿ ಎರಡಡಿ ಮೇಲೆ ಹೋಗಲಿ, ಮಳೆಗೆ ತಲೆಯ ಮೇಲೊಂದು ಟೋಪಿ ಇರಲಿ, ವರ್ಷಕ್ಕೊಮ್ಮೆ ಮಸಿ ಕೆರೆಸಿ.