ಬ್ರಿಜ್ ಬಿಡ್ಡಿಂಗ್‌ಗೆ ಒಂದೇ ‘ಸರಿಯುತ್ತರ’ ಅಚ್ಚು ಮಾಡಬೇಡಿ

ಸಂಪಾದಕರಿಗೆ,

ಮಾನ್ಯರೇ,

ಕನ್ನಡ ಪತ್ರಿಕೆಗಳ ವಾರಾಂತ್ಯದ ಪುಟಗಳಲ್ಲಿ ಪದಬಂಧಕ್ಕೆ, ಸುಡೊಕುವಿಗೆ, ಆಗೊಮ್ಮೆ ಈಗೊಮ್ಮೆ ಚದುರಂಗದ ಸಮಸ್ಯೆಗೆ ಜಾಗ ಸಿಗುವಂತೆ ಇಬ್ಬಿಬ್ಬರ ಎರಡು ಜೋಡಿಗಳು ಆಡುವ ಇಸ್ಪೀಟಾಟವಾದ ಕಾಂಟ್ರ್ಯಾಕ್ಟ್ ಬ್ರಿಜ್‌ಗೂ ಒಂದಿಷ್ಟು ಜಾಗ ಸಿಗಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಈ ಕೋರಿಕೆಗೆ ಒಂದು ಷರತ್ತೂ ಇದೆ. ಒಂದು ವಾರ ‘ಈ ಕೈಯಲ್ಲಿ ನಿಮ್ಮ ಬಿಡ್ (ಯಾವ ತುರುಪಿನಲ್ಲಿ ಎಷ್ಟು ಟ್ರಿಕ್ ಅಥವಾ ಪಟ್ಟು ಗೆಲ್ಲುವೆವೆಂಬ ಹರಾಜಿನ ಕೂಗು) ಏನು?’ ಎಂದು ಕೇಳಿ, ಮುಂದಿನ ವಾರ ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಒಂದೇ ಉತ್ತರವನ್ನು ಮುದ್ರಿಸುವ ಪದ್ಧತಿಯನ್ನು ಅನುಸರಿಸುವುದಾದರೆ, ಅಂತಹ ಅಂಕಣ ಬಾರದಿರುವುದೇ ಮೇಲು.

ಚದುರಂಗದ ಸಮಸ್ಯೆಯಲ್ಲಿ ಎಲ್ಲ ಕಾಯಿಗಳೂ ಕಣ್ಣೆದುರಿಗೇ ಇರುತ್ತವೆ. ಎರಡು ನಡೆಗಳಲ್ಲಿ ರಾಜನನ್ನು ಕಟ್ಟಿಹಾಕುವ ದಾರಿ ಒಂದೇ ಇರುತ್ತದೆ, ಅದನ್ನು ಸಾಧಿಸಿ ತೋರಿಸಲೂ ಬಹುದು. ಬ್ರಿಜ್‌ನಲ್ಲಿ ಬಿಡ್ ಮಾಡುವವನಿಗೆ ಕಾಣುವುದು ತನ್ನ 13 ಎಲೆಗಳು ಮಾತ್ರ. ಉಳಿದ 39 ಎಲೆಗಳು ಮೂರು ಕೈಗಳಲ್ಲಿ ಹೇಗೆ ಹಂಚಿಹೋಗಿವೆ ಎಂಬುದನ್ನು ಅವನು ಊಹಿಸಬೇಕು. ಒಬ್ಬ ಆಟಗಾರನಿಗೆ ಬರಬಹುದಾದ ಕೈಗಳ ಸಂಖ್ಯೆಯೇ 63,501 ಕೋಟಿಗೂ ಹೆಚ್ಚು. ಅದನ್ನು ಸಂಗಾತಿಗೆ ತಿಳಿಸಲು ಇರುವ ಸಾಧನವೋ, ಒಂದರಿಂದ ಏಳರವರೆಗಿನ (ಅಂದರೆ ಏಳರಿಂದ ಹದಿಮೂರು ಟ್ರಿಕ್ ಗೆಲ್ಲುವೆವೆಂಬ) 35 ಬಿಡ್‌ಗಳು, ಜೊತೆಗೆ ಪಾಸ್, ಡಬಲ್ ಮತ್ತು ರೀಡಬಲ್, ಹೀಗೆ ಒಟ್ಟು 38 ಉಕ್ತಿಗಳಷ್ಟೇ. ಇಷ್ಟು ಬಡವಾದ ಭಾಷೆಯಲ್ಲಿ ಅಷ್ಟು ದೊಡ್ಡ ವೈವಿಧ್ಯವನ್ನು ಹೇಳಬೇಕಾದಾಗ ಕೆಲವು ಕೈಗಳಿಗೆ ಒಪ್ಪುವ ಮಾತೇ ಇರುವುದಿಲ್ಲ. ಯಾವುದನ್ನು ಹೇಳಿದರೂ ಸ್ವಲ್ಪ ಸುಳ್ಳಾಗುತ್ತದೆ, ಯಾವ ಸುಳ್ಳು ಕಡಿಮೆ ಅಪಾಯದ್ದು ಎಂಬುದೇ ಪ್ರಶ್ನೆಯಾಗುತ್ತದೆ.

ಇದನ್ನು ಮೊದಲಿಗೇ ಒಪ್ಪಿಕೊಂಡವರು ಅಮೆರಿಕದ ‘ದ ಬ್ರಿಜ್ ವರ್ಲ್ಡ್’ ಮಾಸಪತ್ರಿಕೆಯವರು. ಈಲೀ ಕಲ್ಬರ್ಟ್‌ಸನ್ 1929ರಲ್ಲಿ ಆರಂಭಿಸಿದ ಈ ಪತ್ರಿಕೆಯಲ್ಲಿ ‘ಮಾಸ್ಟರ್ ಸಾಲ್ವರ್ಸ್ ಕ್ಲಬ್’ ಎಂಬ ವಿಭಾಗವೊಂದಿದೆ. ಕಠಿಣವಾದ ಕೈಗಳನ್ನು ಪರಿಣತರ ಮಂಡಳಿಯೊಂದಕ್ಕೆ ಕಳುಹಿಸಲಾಗುತ್ತದೆ, ಪ್ರತಿಯೊಬ್ಬರೂ ತಮ್ಮ ಮತವನ್ನೂ ಅದರ ಕಾರಣವನ್ನೂ ಬರೆದು ತಿಳಿಸುತ್ತಾರೆ, ನಿರ್ದೇಶಕನಾದವನು ಆ ವಾದಗಳನ್ನು ಒಂದಕ್ಕೊಂದು ಎದುರಿಟ್ಟು ಚರ್ಚಿಸುತ್ತಾನೆ. ಪ್ರತಿ ಉತ್ತರಕ್ಕೂ ಬಿದ್ದ ಮತಗಳ ಎಣಿಕೆ ಅಚ್ಚಾಗುತ್ತದೆ. ಮೊದಲ ಸ್ಥಾನದ ಉತ್ತರಕ್ಕೆ 100 ಅಂಕ, ಉಳಿದವಕ್ಕೆ ಇಳಿಕೆಯ ಕ್ರಮದಲ್ಲಿ ಅಂಕ. ವಿಶ್ವ ಚಾಂಪಿಯನ್ನರು ಒಂದೇ ಕೈಗೆ ನಾಲ್ಕು ಬೇರೆ ಬೇರೆ ಬಿಡ್‌ಗಳನ್ನು ಸೂಚಿಸುವುದು ಅಲ್ಲಿ ಅಪರೂಪವಲ್ಲ. ದಶಕಗಳ ಕಾಲ ಆ ಪತ್ರಿಕೆಯ ಸಂಪಾದಕರಾಗಿದ್ದ ಎಡ್ಗರ್ ಕಪ್ಲಾನ್ ಅವರ ಕಾಲದಿಂದಲೂ ಓದುಗರು ಈ ಜಗಳವನ್ನು ಓದುವುದಕ್ಕಾಗಿಯೇ ಪತ್ರಿಕೆಯನ್ನು ಕೊಳ್ಳುತ್ತಿದ್ದರೆಂದರೆ ಅತಿಶಯೋಕ್ತಿಯಾಗದು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಕೈಯನ್ನು ಮುಂದಿಡುತ್ತೇನೆ. ತಂಡಗಳ ಪಂದ್ಯ, ಎರಡೂ ಕಡೆ ವಲ್ನರಬಲ್ (ಗೆದ್ದರೆ ಲಾಭವೂ ಸೋತರೆ ದಂಡವೂ ಹೆಚ್ಚಿರುವ ಸ್ಥಿತಿ). ನಿಮ್ಮ ಬಲಗಡೆಯ ಎದುರಾಳಿ ಎಲೆ ಹಂಚಿ ‘ಮೂರು ಇಸ್ಪೀಟು’ ಎಂದು ಆಟ ತೆರೆದಿದ್ದಾನೆ. ಅಂದರೆ ಅವನಲ್ಲಿ ಏಳು ಇಸ್ಪೀಟುಗಳಿರಬಹುದು, ಹೊರಗಡೆ ಹೆಚ್ಚೇನೂ ಇಲ್ಲ, ನಿಮ್ಮ ಸಂಭಾಷಣೆಗೆ ಜಾಗ ಸಿಗದಂತೆ ಬಾಗಿಲು ಹಾಕುವುದೇ ಅವನ ಉದ್ದೇಶ. ನಿಮ್ಮ ಕೈಯಲ್ಲಿ ಇಸ್ಪೀಟಿನ ರಾಜ ಮತ್ತು ಆರು. ಆಟೀನಿನ ಎಕ್ಕ, ರಾಣಿ, ಒಂಬತ್ತು, ಏಳು, ನಾಲ್ಕು. ಡೈಮನ್ನಿನ ರಾಜ ಮತ್ತು ಐದು. ಕಳಾವರಿನ ಎಕ್ಕ, ಗುಲಾಮ, ಎಂಟು, ಮೂರು. ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಎಂಬ ಲೆಕ್ಕದಲ್ಲಿ 17 ಅಂಕಗಳು. ಕಟ್ಟಿನಲ್ಲಿರುವ 40ರಲ್ಲಿ ಉಳಿದದ್ದು 23. ಆಟ ತೆರೆದವನ ಪಾಲಿಗೆ ಏಳೆಂಟು ಬಿಟ್ಟರೆ ಸಂಗಾತಿಗೂ ಎಡಗಡೆಯ ಎದುರಾಳಿಗೂ ಸೇರಿ 15 ಅಥವಾ 16. ಹಾಗಾಗಿ ಸಂಗಾತಿಯಲ್ಲಿ ಸರಾಸರಿ ಎಂಟು ಅಂಕಗಳಿರಬಹುದು. ಎರಡೂ ಕೈ ಸೇರಿದರೆ 25. ಗೇಮ್ (ಬೋನಸ್ ಅಂಕ ತರುವಷ್ಟು ದೊಡ್ಡ ಬಿಡ್) ಆಡಲು ಸಾಂಪ್ರದಾಯಿಕವಾಗಿ ಬೇಕೆನ್ನುವಷ್ಟೇ ಬಲ. ಆದರೆ ಯಾವ ಗೇಮ್?

‘ಮೂರು ನೋ ಟ್ರಂಪ್’, ಅಂದರೆ ತುರುಪೇ ಇಲ್ಲದೆ ಒಂಬತ್ತು ಟ್ರಿಕ್, ಎನ್ನುವವರ ವಾದ ಹೀಗೆ ಸಾಗುತ್ತದೆ. ಮೊದಲ ಎಲೆ ಬರುವುದು ಎಡಗಡೆಯಿಂದ, ಆದ್ದರಿಂದ ಇಸ್ಪೀಟಿನ ರಾಜ ಒಂದು ಟ್ರಿಕ್ಕನ್ನು ಖಂಡಿತ ಗಳಿಸುತ್ತಾನೆ. ಎಡಗಡೆಯವನ ಬಳಿ ಇಸ್ಪೀಟು ಬೇಗ ಮುಗಿದುಹೋಗುವುದರಿಂದ, ಬಲಗಡೆಯವನು ಮತ್ತೆ ಟ್ರಿಕ್ ಹಿಡಿಯದಂತೆ ನೋಡಿಕೊಂಡರೆ ಆ ಉದ್ದನೆಯ ಇಸ್ಪೀಟುಗಳು ಅವನ ಕೈಯಲ್ಲೇ ಒಣಗುತ್ತವೆ. ಹಲವು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಬಾಬ್ ಹ್ಯಾಮನ್ ಅವರ ಹೆಸರಿನಲ್ಲಿ ಪ್ರಚಲಿತವಾಗಿರುವ ನಿಯಮವೂ ಈ ಪಕ್ಷದ ಬೆಂಬಲಕ್ಕಿದೆ: ಸಮಂಜಸವಾದ ಹಲವು ಬಿಡ್‌ಗಳಲ್ಲಿ ಮೂರು ನೋ ಟ್ರಂಪ್ ಕೂಡ ಒಂದಾಗಿದ್ದರೆ ಅದನ್ನೇ ಹೇಳಿಬಿಡಿ. ‘ನಾಲ್ಕು ಆಟೀನು’ ಎನ್ನುವವರು ಐದೆಲೆಯ ಮೇಜರ್ ಬಣ್ಣವನ್ನು (ಇಸ್ಪೀಟು, ಆಟೀನುಗಳಲ್ಲೊಂದನ್ನು) ಮುಚ್ಚಿಡುವುದೇಕೆ ಎಂದು ಕೇಳುತ್ತಾರೆ. ಸಂಗಾತಿಯಲ್ಲಿ ಮೂರು ಆಟೀನುಗಳಿದ್ದು ಕಳಾವರ್ ಒಂದೋ ಎರಡೋ ಇದ್ದರೆ ತುರುಪಿನಿಂದ ಹತ್ತು ಟ್ರಿಕ್ ಸಲೀಸು, ಅದೇ ಕೈ ನೋ ಟ್ರಂಪ್‌ನಲ್ಲಿ ಎಂಟಕ್ಕೇ ನಿಲ್ಲಬಹುದು. ಅವರಿಗೆ ಬರುವ ಎದುರುತ್ತರವೂ ಹರಿತವಾದದ್ದೇ. ಎಡಗಡೆಯವನಲ್ಲಿ ಇಸ್ಪೀಟು ಒಂದೇ ಇದ್ದರೆ ಅದನ್ನೇ ಇಳಿಸುತ್ತಾನೆ, ಬಲಗಡೆಯವನು ಎಕ್ಕದಿಂದ ಹಿಡಿದು ಇಸ್ಪೀಟನ್ನೇ ಮರಳಿಸುತ್ತಾನೆ, ನಿಮ್ಮ ರಾಜನಿಗೆ ತುರುಪು ಬೀಳುತ್ತದೆ. ಮೇಲಾಗಿ ಒಬ್ಬನ ಬಳಿ ಏಳೆಲೆಯ ಬಣ್ಣವಿರುವಾಗ ಉಳಿದ ಬಣ್ಣಗಳೂ ಸಮನಾಗಿ ಹಂಚಿರುವ ಸಂಭವ ಕಡಿಮೆ, ನಿಮ್ಮ ತುರುಪಿನ ಹಿಂದೆಯೇ ಎಡಗಡೆಯವನ ನಾಲ್ಕು ತುರುಪುಗಳು ಹೊಂಚುಹಾಕಿರಬಹುದು.

ಮೂರನೆಯ ಪಕ್ಷ ಡಬಲ್ (ಎದುರಾಳಿಯ ಬಿಡ್‌ನ ಪಣವನ್ನು ಹೆಚ್ಚಿಸುವ ಕೂಗು) ಹೇಳುವವರದು. ಅವರಿಗೆ ಬೇಕಾದದ್ದು ಸಂಗಾತಿಯ ಅಭಿಪ್ರಾಯ. ಅವನ ಬಳಿ ಆಟೀನುಗಳಿದ್ದರೆ ಹೇಳಲಿ, ಇಸ್ಪೀಟುಗಳಿದ್ದರೆ ಪಾಸ್ ಮಾಡಿ ಎದುರಾಳಿಗೆ ದಂಡ ಹಾಕಲಿ ಎಂಬ ಉದಾರ ನಿಲುವು. ಆದರೆ ಅವನು ‘ನಾಲ್ಕು ಡೈಮನ್’ ಎಂದರೆ? ನಿಮ್ಮಲ್ಲಿ ಡೈಮನ್ ಎರಡೇ. ಆಗ ನಾಲ್ಕು ಆಟೀನು ಎಂದು ತಿದ್ದಿಕೊಂಡರೆ ಕೈಯಲ್ಲಿಲ್ಲದ ಬಲವನ್ನು ಹೇಳಿಕೊಂಡಂತಾಗುತ್ತದೆ. ಸಂಗಾತಿಯೇ ಆಟೀನು ಹೇಳಿ ಆಟ ಆಡುವಂತಾದರೆ ನಿಮ್ಮ ಎಲೆಗಳೆಲ್ಲ ಮೇಜಿನ ಮೇಲೆ ತೆರೆದುಕೊಂಡು ಇಸ್ಪೀಟಿನ ರಾಜ ಬಯಲಾಗಿ ಮಲಗುತ್ತಾನೆ, ಇಸ್ಪೀಟಿನ ಎಕ್ಕ ಹಿಡಿದಿರಬಹುದಾದ ಬಲಗಡೆಯವನೇ ಮೊದಲ ಎಲೆ ಇಳಿಸುತ್ತಾನೆ. ಪಾಸ್ ಹೇಳುವವರೂ ಇಲ್ಲದಿಲ್ಲ, ಆದರೆ 17 ಅಂಕಗಳ ಕೈಯಿಟ್ಟುಕೊಂಡು ಸುಮ್ಮನಿರುವುದಕ್ಕೆ ಅಸಾಧಾರಣ ಸಂಯಮವೋ ಅಸಾಧಾರಣ ನಿರಾಶಾವಾದವೋ ಬೇಕು.

ನನ್ನ ಮತ ಮೂರು ನೋ ಟ್ರಂಪ್‌ಗೆ. ಹಾಗೆಂದು ನಾಲ್ಕು ಆಟೀನು ಹೇಳಿದವನನ್ನು ನಾನು ತಪ್ಪುಗಾರನೆನ್ನಲಾರೆ, ಅವನ ಕಾರಣವನ್ನು ಕೇಳದೆ ನನ್ನ ಮತಕ್ಕೂ ಬೆಲೆಯಿಲ್ಲ. ಹೊಸಬನಿಗೆ ಇಲ್ಲಿ ಕಲಿಯಲು ಸಿಗುವುದು ‘ಉತ್ತರ: ಮೂರು ನೋ ಟ್ರಂಪ್’ ಎಂಬ ಸಾಲಿನಲ್ಲಿಲ್ಲ. ರಾಜ ಯಾವ ಕಡೆ ಸುರಕ್ಷಿತ, ಮೊದಲ ಎಲೆ ಯಾರಿಂದ ಬರುತ್ತದೆ, ಡಬಲ್ ಹೇಳಿದ ಮೇಲೆ ಎರಡನೆಯ ಸುತ್ತಿನಲ್ಲಿ ಏನು ಗತಿ ಎಂಬ ವಿಚಾರದಲ್ಲಿ ಅದು ಸಿಗುತ್ತದೆ. ಅಷ್ಟೇ ಅಲ್ಲ, ಮಂಡಳಿಯ ಮತಗಳು ನಾಲ್ಕಾಗಿ ಒಡೆದಿದ್ದರೆ ಆ ಒಡಕೇ ಒಂದು ಮಾಹಿತಿ. ಈ ಕೈಯಲ್ಲಿ ಸೋತದ್ದಕ್ಕಾಗಿ ಸಂಗಾತಿಯ ಮೇಲೆ ಹರಿಹಾಯುವುದು ಅನ್ಯಾಯ ಎಂದು ಅದು ತಿಳಿಸುತ್ತದೆ. ಕ್ಲಬ್ಬುಗಳಲ್ಲಿ ಆಟ ಮುಗಿದ ಮೇಲೆ ನಡೆಯುವ ವಾಗ್ವಾದಗಳನ್ನು ಕೇಳಿದವರಿಗೆ ಈ ಮಾಹಿತಿಯ ಉಪಯೋಗ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಬಿಡ್ಡಿಂಗ್ ಎಂದರೆ ಬರೀ ಅಭಿಪ್ರಾಯವೇ ಎಂದು ಕೇಳಿದರೆ, ಅದೂ ಅಲ್ಲ. ಲೆಕ್ಕ ಒಪ್ಪುವ ಕಡೆ ಅಭಿಪ್ರಾಯಕ್ಕೆ ಎಡೆಯಿಲ್ಲ. ತಂಡಗಳ ಪಂದ್ಯದಲ್ಲಿ ನೀವು ವಲ್ನರಬಲ್ ಆಗಿದ್ದು ನಾಲ್ಕು ಆಟೀನು ಆಡಿ ಹತ್ತು ಟ್ರಿಕ್ ಗಳಿಸಿದರೆ 620, ಇನ್ನೊಂದು ಮೇಜಿನಲ್ಲಿ ನಿಮ್ಮದೇ ಎಲೆಗಳನ್ನು ಹಿಡಿದ ಎದುರಾಳಿ ತಂಡದವರು ಎರಡು ಆಟೀನಿನಲ್ಲೇ ನಿಂತು ಅಷ್ಟೇ ಟ್ರಿಕ್ ಗಳಿಸಿದರೆ 170. ವ್ಯತ್ಯಾಸ 450, ಅಂದರೆ 10 ಇಂಪ್ (ತಂಡಗಳ ಪಂದ್ಯದ ಅಂಕಮಾನ) ಲಾಭ. ಒಂದು ಟ್ರಿಕ್ ಕಡಿಮೆಯಾಗಿ ಸೋತರೆ ನಿಮಗೆ 100 ನಷ್ಟ, ಅವರಿಗೆ 140 ಲಾಭ, ವ್ಯತ್ಯಾಸ 240, ಅಂದರೆ 6 ಇಂಪ್ ನಷ್ಟ. ಹತ್ತನ್ನು ಗಳಿಸಲು ಆರನ್ನು ಪಣಕ್ಕಿಡುವವನಿಗೆ ಶೇ 37.5ರಷ್ಟು ಗೆಲುವಿನ ಸಾಧ್ಯತೆ ಇದ್ದರೆ ಸಾಕು. ವಲ್ನರಬಲ್ ಅಲ್ಲದಿದ್ದರೆ ಲಾಭ 6, ನಷ್ಟ 5, ಆದ್ದರಿಂದ ಶೇ 45ಕ್ಕಿಂತ ಹೆಚ್ಚು ಸಾಧ್ಯತೆ ಬೇಕು. ಇದನ್ನು ಯಾವ ಪರಿಣತನೂ ಅಲ್ಲಗಳೆಯಲಾರ. ಅವರ ನಡುವೆ ಭಿನ್ನಮತ ಹುಟ್ಟುವುದು, ಕಣ್ಣೆದುರಿನ ಕೈಯಲ್ಲಿ ಆ ಸಾಧ್ಯತೆ ನಿಜಕ್ಕೂ ಶೇ 35 ಇದೆಯೋ 45 ಇದೆಯೋ ಎಂಬ ಅಂದಾಜಿನಲ್ಲಿ.

ಪರಿಣತರ ಮತಗಣನೆಗೆ ಕಾನೂನಿನ ಮಾನ್ಯತೆಯೂ ಇದೆಯೆಂಬುದು ಬಹುಮಂದಿಗೆ ಗೊತ್ತಿರಲಾರದು. ಸಂಗಾತಿ ಬಹಳ ಹೊತ್ತು ಯೋಚಿಸಿ ಪಾಸ್ ಹೇಳಿದನೆನ್ನಿ. ಅವನ ಕೈಯಲ್ಲಿ ಏನೋ ಇದೆಯೆಂಬ ಸುಳಿವು ಆ ತಡವರಿಕೆಯಿಂದಲೇ ನಿಮಗೆ ಸಿಕ್ಕಿತು. ಆ ಸುಳಿವನ್ನು ಬಳಸಿಕೊಳ್ಳುವುದು ಡ್ಯೂಪ್ಲಿಕೇಟ್ ಬ್ರಿಜ್ (ಒಂದೇ ಎಲೆಗಳನ್ನು ಹಲವು ಮೇಜುಗಳಲ್ಲಿ ಆಡುವ ಸ್ಪರ್ಧೆ) ನಿಯಮಾವಳಿಯ 16ನೆಯ ನಿಯಮಕ್ಕೆ ವಿರುದ್ಧ. ನೀವು ಮುಂದೆ ಬಿಡ್ ಮಾಡಿ ಗೆದ್ದಿರಿ, ಎದುರಾಳಿಗಳು ದೂರಿದರು. ಆಗ ಟೂರ್ನಮೆಂಟಿನ ಡೈರೆಕ್ಟರ್ ನಿಮ್ಮ ಮಟ್ಟದ ಕೆಲವು ಆಟಗಾರರಿಗೆ, ತಡವರಿಕೆಯ ಸಂಗತಿಯನ್ನು ಹೇಳದೆ, ನಿಮ್ಮ ಕೈಯನ್ನು ತೋರಿಸಿ ‘ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?’ ಎಂದು ಕೇಳುತ್ತಾರೆ. ಗಣನೀಯ ಸಂಖ್ಯೆಯ ಜನ ಪಾಸನ್ನು ಗಂಭೀರವಾಗಿ ಪರಿಗಣಿಸಿ, ಕೆಲವರಾದರೂ ಅದನ್ನೇ ಆರಿಸಿಕೊಂಡರೆ ನಿಮ್ಮ ಗೆಲುವು ರದ್ದಾಗಬಹುದು. ಇಲ್ಲಿ ನಿಯಮವು ‘ಸರಿಯಾದ ಬಿಡ್ ಯಾವುದು?’ ಎಂದು ಕೇಳುವುದೇ ಇಲ್ಲ, ಸಮಾನರು ಯಾವ ಯಾವ ಬಿಡ್‌ಗಳನ್ನು ಮನಸ್ಸಿಗೆ ತಂದುಕೊಳ್ಳುತ್ತಿದ್ದರು ಎಂದು ಕೇಳುತ್ತದೆ. ಆಟದ ಶಾಸನವೇ ಬಹುತ್ವವನ್ನು ಒಪ್ಪಿಕೊಂಡಿರುವಾಗ ಪತ್ರಿಕೆಯ ಅಂಕಣ ಏಕೋತ್ತರಕ್ಕೆ ಜೋತುಬೀಳುವುದು ಉಚಿತವಲ್ಲ.

ಕಂಪ್ಯೂಟರ್ ಬಂದ ಮೇಲೆ ಪರಿಣತರ ಮಾತೇಕೆ ಎಂಬ ಆಕ್ಷೇಪಕ್ಕೂ ಇಲ್ಲೇ ಉತ್ತರಿಸುತ್ತೇನೆ. ಬಿಡ್ಡಿಂಗಿಗೆ ಹೊಂದುವ ಸಾವಿರಾರು ಕೈಗಳನ್ನು ಹಂಚಿ ಯಾವ ಕಾಂಟ್ರ್ಯಾಕ್ಟ್ (ಹರಾಜಿನಲ್ಲಿ ಕೊನೆಗೆ ನಿಂತ ಬಿಡ್) ಎಷ್ಟು ಬಾರಿ ಗೆಲ್ಲುತ್ತದೆಂದು ಯಂತ್ರ ಎಣಿಸಬಲ್ಲದು, ಅದು ಉಪಯುಕ್ತವೂ ಹೌದು. ಆದರೆ ಆ ಎಣಿಕೆ ಸಾಮಾನ್ಯವಾಗಿ ನಾಲ್ಕೂ ಕೈಗಳನ್ನು ತೆರೆದಿಟ್ಟು ನಡೆಯುತ್ತದೆ. ಅಲ್ಲಿ ಕಾಣೆಯಾದ ರಾಣಿ ಯಾರ ಬಳಿ ಇದ್ದಾಳೆಂದು ಯಾರೂ ತಪ್ಪಾಗಿ ಊಹಿಸುವುದಿಲ್ಲ, ಮೊದಲ ಎಲೆಯನ್ನು ಯಾರೂ ತಪ್ಪಾಗಿ ಇಳಿಸುವುದಿಲ್ಲ. ಬಲಗಡೆಯವನ ಮೂರು ಇಸ್ಪೀಟು ಎಂತೆಂತಹ ಕೈಗಳಿಂದ ಬರಬಹುದೆಂಬುದನ್ನು ಯಂತ್ರಕ್ಕೆ ಹೇಳಿಕೊಡುವವನೂ ಮನುಷ್ಯನೇ. 2022ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ‘ನೂಕ್’ ಎಂಬ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಎಂಟು ಮಂದಿ ವಿಶ್ವ ಚಾಂಪಿಯನ್ನರ ವಿರುದ್ಧ ನಡೆದ 80 ಸುತ್ತುಗಳಲ್ಲಿ 67ನ್ನು ಗೆದ್ದಾಗ ದೊಡ್ಡ ಸುದ್ದಿಯಾಯಿತು. ಆದರೆ ಆ ಸ್ಪರ್ಧೆಯಲ್ಲಿ ಬಿಡ್ಡಿಂಗ್ ಇರಲೇ ಇಲ್ಲ. ಕಾಂಟ್ರ್ಯಾಕ್ಟ್ ಮೊದಲೇ ಮೂರು ನೋ ಟ್ರಂಪ್ ಎಂದು ನಿಗದಿಯಾಗಿತ್ತು, ಎಲೆ ಆಡುವುದಷ್ಟೇ ಪರೀಕ್ಷೆಯಾಗಿತ್ತು. ಸಂಗಾತಿಯೊಡನೆ ಮಾತುಕತೆ ನಡೆಸುವ ಭಾಗವನ್ನು ಹೊರಗಿಟ್ಟೇ ಆ ಪಂದ್ಯವನ್ನು ರೂಪಿಸಿದ್ದರೆಂಬುದನ್ನು ಸುದ್ದಿ ಓದಿದ ಅನೇಕರು ಗಮನಿಸಲಿಲ್ಲ.

ಪರಿಣತರ ಮಂಡಳಿಯೇನೂ ದೋಷರಹಿತವಲ್ಲ. ಮನೆಯಲ್ಲಿ ಕುಳಿತು ಬೇಕಾದಷ್ಟು ಹೊತ್ತು ಯೋಚಿಸಿ ಬರೆಯುವ ಮತಕ್ಕೂ ಮೇಜಿನ ಮುಂದೆ ಕೆಲವು ಸೆಕೆಂಡುಗಳಲ್ಲಿ ಎತ್ತಿಡುವ ಬಿಡ್ ಕಾರ್ಡಿಗೂ ಅಂತರವಿದೆ. ಕೈಯನ್ನು ಕಳುಹಿಸಿದ್ದಾರೆಂದರೆ ಅದರಲ್ಲೇನೋ ಕೊಕ್ಕೆಯಿರಲೇಬೇಕೆಂಬ ಅರಿವೇ ಉತ್ತರವನ್ನು ಸ್ವಲ್ಪ ವಾಲಿಸುತ್ತದೆ, ಸರಳವಾದ ಪಾಸಿಗೆ ಬೀಳಬೇಕಾದ ಮತಗಳು ಚಮತ್ಕಾರದ ಪಾಲಾಗುತ್ತವೆಂಬುದು ನನ್ನ ಗುಮಾನಿ. ಪ್ರತಿ ಜೋಡಿಯ ಒಪ್ಪಂದಗಳೂ ಬೇರೆ ಬೇರೆ. ಆದ್ದರಿಂದಲೇ ‘ದ ಬ್ರಿಜ್ ವರ್ಲ್ಡ್’ನವರು ಪರಿಣತರ ಬಹುಮತದ ಆಧಾರದ ಮೇಲೆ ಒಂದು ಸಾಮಾನ್ಯ ಪದ್ಧತಿಯನ್ನು ರೂಪಿಸಿಕೊಂಡು, ಪ್ರಶ್ನೆಗಳನ್ನೆಲ್ಲ ಅದರೊಳಗೇ ಇಡುತ್ತಾರೆ. ಇನ್ನು 100 ಅಂಕಗಳ ಆ ಬಹುಮಾನವಂತೂ ನನಗೆ ಹಿಡಿಸದ ಸಂಗತಿ. ಬಹುಮತಕ್ಕೆ ಪೂರ್ತಿ ಅಂಕ ಕೊಟ್ಟಕೂಡಲೇ ಓದುಗ ಎಲೆಗಳನ್ನು ಬಿಟ್ಟು ಮಂಡಳಿಯ ಮನಸ್ಸನ್ನು ಓದತೊಡಗುತ್ತಾನೆ.

ಈ ಆಟಕ್ಕೆ ನಮ್ಮಲ್ಲಿ ಓದುಗರಿದ್ದಾರೆಯೇ ಎಂಬ ಸಂದೇಹ ತಮಗಿರಬಹುದು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದಲ್ಲಿ ಚಿನ್ನ ಗೆದ್ದರು, 2023ರಲ್ಲಿ ಹಾಂಗ್‌ಝೌನಲ್ಲಿ ಭಾರತದ ಪುರುಷರ ತಂಡ ಬೆಳ್ಳಿ ಗೆದ್ದಿತು. ಆಗೆಲ್ಲ ಚರ್ಚೆಯಾದದ್ದು ಬರ್ಧನ್ ಅವರ 60 ವರ್ಷ ವಯಸ್ಸು ಮತ್ತು ‘ಇಸ್ಪೀಟಾಟಕ್ಕೂ ಪದಕವೇ’ ಎಂಬ ಬೆರಗು. ಅವರು ಯಾವ ಕೈಯಲ್ಲಿ ಏನು ಹೇಳಿದರು, ಏಕೆ ಹೇಳಿದರು ಎಂಬುದು ಕನ್ನಡದಲ್ಲಿ ಚರ್ಚೆಯಾಗಲಿಲ್ಲ. ಬೆಂಗಳೂರು, ಮೈಸೂರುಗಳ ಕ್ಲಬ್ಬುಗಳಲ್ಲಿ ಸಂಜೆ ಸೇರುವ ಬ್ರಿಜ್ ಆಟಗಾರರು ಈ ಆಟದ ಬಗ್ಗೆ ಓದುವುದೆಲ್ಲ ಇಂಗ್ಲಿಷಿನಲ್ಲೇ. ಇಪ್ಪತ್ತೆಂಟು ಆಡುತ್ತ ಬೆಳೆದ ಕರಾವಳಿಯ ಮನೆಗಳಲ್ಲಿ ಬಿಡ್, ತುರುಪು, ಸಂಗಾತಿ ಎಂಬ ಕಲ್ಪನೆಗಳನ್ನು ಯಾರಿಗೂ ಹೊಸದಾಗಿ ವಿವರಿಸಬೇಕಾಗಿಲ್ಲ.

ಆದ್ದರಿಂದ ತಾವು ಅಂಕಣವನ್ನು ಆರಂಭಿಸುವುದಾದರೆ ತಿಂಗಳಿಗೆ ಒಂದೇ ಕೈ ಸಾಕು. ಆಟ ಜೋಡಿಗಳದೋ ತಂಡಗಳದೋ, ಯಾರು ವಲ್ನರಬಲ್, ಯಾವ ಪದ್ಧತಿ ಎಂಬುದನ್ನು ತಪ್ಪದೆ ನಮೂದಿಸಬೇಕು, ಏಕೆಂದರೆ ಜೋಡಿಗಳ ಆಟದಲ್ಲಿ ಲೆಕ್ಕವೇ ಬದಲಾಗುತ್ತದೆ. ರಾಜ್ಯದ ಅನುಭವಿ ಆಟಗಾರರಲ್ಲಿ ಏಳೆಂಟು ಮಂದಿಯನ್ನು ಕೇಳಿ, ಅವರ ಮತಗಳನ್ನೂ ಒಂದೊಂದು ವಾಕ್ಯದ ಕಾರಣಗಳನ್ನೂ ಮುದ್ರಿಸಬೇಕು. ಒಬ್ಬನೇ ಒಬ್ಬ ಬೇರೆ ಹೇಳಿದ್ದರೂ ಅವನ ಕಾರಣವನ್ನು ಕತ್ತರಿಸಬಾರದು. ಓದುಗರ ಮತಗಳನ್ನು ಎಣಿಸಿ ಪಕ್ಕದಲ್ಲೇ ಕೊಡಬಹುದು, ಬಹುಮಾನ ಬೇಡ. ಆ ದಿನ ಉಳಿದ ಮೂರು ಕೈಗಳಲ್ಲಿ ಏನಿತ್ತೆಂಬುದನ್ನು ಮಾತ್ರ ದಯವಿಟ್ಟು ಹಾಕಬೇಡಿ. ಅದನ್ನು ಕಂಡಕೂಡಲೇ ಓದುಗನ ಕಣ್ಣು ವಾದಗಳನ್ನು ಬಿಟ್ಟು ಫಲಿತಾಂಶದ ಮೇಲೆ ನಿಲ್ಲುತ್ತದೆ, ಅಂದು ಗೆದ್ದ ಬಿಡ್ಡೇ ಸರಿಯಾದ ಬಿಡ್ ಎಂದು ತೀರ್ಮಾನವಾಗಿಬಿಡುತ್ತದೆ.

ಇತಿ,
ತಮ್ಮ ಪತ್ರಿಕೆಯ ಓದುಗ,
ಮೈಸೂರು